ಹಿಂಬಾಗಿಲು ನೋಡದೆ ರೈಟ್

ಮರಿಯಮ್ಮನಹಳ್ಳಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಎರಡು ಡಿಸ್ಕುಗಳಿವೆ. ಚಿಕ್ಕದರಲ್ಲಿ ವಿಂಡೋಸ್, ದೊಡ್ಡದರಲ್ಲಿ ನಾಟಕಗಳು. ನಾಟಕದ ಊರು ಇದು. ಜಾತ್ರೆಗೊಂದು ಹಬ್ಬಕ್ಕೊಂದು ಆಡಿದ್ದನ್ನು ಯಾರ್ಯಾರೋ ಕ್ಯಾಸೆಟ್ಟಿನಲ್ಲಿ, ಸೀಡಿಯಲ್ಲಿ, ಆಮೇಲಾಮೇಲೆ ಮೊಬೈಲಿನಲ್ಲಿ ಹಿಡಿದಿಟ್ಟಿದ್ದರು. ಅದೆಲ್ಲ ಊರು ಸುತ್ತಿ ಬಂದು ಆ ಡಿಸ್ಕಿನಲ್ಲಿ ಕೂತಿದೆ. ಹಾಡಿದವರಲ್ಲಿ ಕೆಲವರು ಈಗಿಲ್ಲ.

ಹೋದ ಬೇಸಿಗೆಯಲ್ಲಿ ಅಕ್ಕನ ಮಗ ಹಳೆ ಲ್ಯಾಪ್‌ಟಾಪಿನಿಂದ ತೆಗೆದ ಡಿಸ್ಕೊಂದನ್ನು ಯುಎಸ್‌ಬಿ ಡಬ್ಬಿಗೆ ಹಾಕಿಕೊಂಡು ಬಂದ. "ಮಾವ, ಇದನ್ನ ಖಾಲಿ ಮಾಡಿದ್ರೆ ನಿನ್ನ ನಾಟಕದ ಬ್ಯಾಕಪ್ಪಿಗೆ ಆಗ್ತೈತಿ" ಅಂದ. ಒಳ್ಳೆಯ ಯೋಚನೆಯೇ. ಆದರೆ ಖಾಲಿ ಮಾಡಹೋದರೆ ಅದರೊಳಗಿನ ಚಿಕ್ಕದೊಂದು ಭಾಗ ಅಳಿಯಲೊಲ್ಲದು. ಹಳೆ ವಿಂಡೋಸ್ ತಾನು ಬೂಟ್ ಆಗಲಿಕ್ಕೆಂದು ಕಾಯ್ದಿಟ್ಟುಕೊಂಡ ಭಾಗ ಅದು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಡಿಲೀಟ್' ಎಂಬ ಸಾಲು ಮಂಕಾಗಿ ಕೂತಿರುತ್ತದೆ. ಇಂಥದಕ್ಕೆಂದೇ ಡಿಸ್ಕ್‌ಪಾರ್ಟ್ ಎಂಬ ಕಪ್ಪು ಕಿಟಕಿಯ ಸಾಧನವಿದೆ. ಹುಡುಗನಿಗೆ ಅದು ಗೊತ್ತಿತ್ತು. ತೆರೆದ. ಪರದೆ ಮಬ್ಬಾಗಿ, ಈ ಆ್ಯಪ್ ನಿಮ್ಮ ಸಾಧನದಲ್ಲಿ ಬದಲಾವಣೆ ಮಾಡಬಹುದೇ ಎಂಬ ಪ್ರಶ್ನೆ ಬಂತು. ಯೆಸ್ ಒತ್ತಿದ. 'ಲಿಸ್ಟ್ ಡಿಸ್ಕ್' ಎಂದು ಬರೆದ. ಮೂರು ಸಾಲು ಬಂದವು: ಡಿಸ್ಕ್ 0, 238 ಜಿಬಿ, ಡಿಸ್ಕ್ 1, 931 ಜಿಬಿ, ಡಿಸ್ಕ್ 2, 931 ಜಿಬಿ. ಅವನು 1 ಆರಿಸಿದ. 'ಕ್ಲೀನ್' ಎಂದು ಬರೆದು ಎಂಟರ್ ಒತ್ತಿದ.

ಒಂದು ಸೆಕೆಂಡಿನ ಕೆಲಸ. ಡಿಸ್ಕನ್ನು ಯಶಸ್ವಿಯಾಗಿ ಶುಚಿ ಮಾಡಿದ್ದೇನೆ ಎಂದು ಡಿಸ್ಕ್‌ಪಾರ್ಟ್ ಉತ್ತರ ಕೊಟ್ಟಿತು. ಶುಚಿಯಾದದ್ದು ನಾಟಕಗಳ ಡಿಸ್ಕು.

ಹುಡುಗ ಬೆವತುಹೋದ. ನಾನು ಬೈಯಲಿಲ್ಲ, ಬೈಯುವಷ್ಟು ಉಸಿರೂ ಇರಲಿಲ್ಲ. ಆದರೆ ಆವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ಪರದೆಯನ್ನೆಲ್ಲ ಮಬ್ಬು ಮಾಡಿ, ಅಷ್ಟು ಗಂಭೀರವಾಗಿ ಅಪ್ಪಣೆ ಕೇಳಿತಲ್ಲ, ಆ ಅಪ್ಪಣೆಯಿಂದ ಯಾರಿಗೆ ಏನು ಉಳಿಯಿತು?

ಅಡ್ಮಿನಿಸ್ಟ್ರೇಟರ್ ಎಂಬುದಕ್ಕೆ ಕಂಪ್ಯೂಟರ್ ಕನ್ನಡದಲ್ಲಿ 'ನಿರ್ವಾಹಕ' ಎಂಬ ಮಾತು ಬಳಕೆಗೆ ಬಂದಿದೆ. ನಮ್ಮ ಹೊಸಪೇಟೆ ವಿಭಾಗದ ಸಾರಿಗೆ ಬಸ್ಸು ಹತ್ತಿದವರಿಗೆ ಆ ಮಾತು ಕೇಳಿದರೆ ನಗು ಬರಬೇಕು, ಬಸ್ಸಿನಲ್ಲಿ ನಿರ್ವಾಹಕ ಅಂದರೆ ಕಂಡಕ್ಟರ್. 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಎಂಬುದನ್ನು 'ನಿರ್ವಾಹಕನಾಗಿ ಚಲಾಯಿಸು' ಎಂದು ಕನ್ನಡ ಮಾಡಿದರೆ ಕಂಡಕ್ಟರನೇ ಸ್ಟೇರಿಂಗ್ ಹಿಡಿದ ಹಾಗೆ ಕೇಳಿಸುತ್ತದೆ. ಮೊದಮೊದಲು ಇದನ್ನು ಕೆಟ್ಟ ಅನುವಾದ ಎಂದುಕೊಂಡಿದ್ದೆ. ಈಗ ಇದಕ್ಕಿಂತ ಒಳ್ಳೆಯ ಮಾತು ಸಿಗಲಿಕ್ಕಿಲ್ಲ ಅನಿಸಿದೆ. ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವುದು ಪ್ರೋಗ್ರಾಮು. ನಮ್ಮ ಪಾಲಿಗಿರುವುದು "ರೈಟ್" ಅನ್ನುವ ಅಧಿಕಾರ ಮಾತ್ರ. ಒಳ್ಳೆಯ ಕಂಡಕ್ಟರ್ ಸೀಟಿ ಊದುವ ಮುಂಚೆ ಒಮ್ಮೆ ಹಿಂಬಾಗಿಲ ಕಡೆ ನೋಡುತ್ತಾನೆ: ಮುದುಕಿಯ ಒಂದು ಕಾಲು ಇನ್ನೂ ನೆಲದ ಮೇಲಿದೆಯೇ, ಯಾರದಾದರೂ ಗಂಟು ಕೆಳಗುಳಿಯಿತೇ. ವಿಂಡೋಸ್ ನಮ್ಮನ್ನು ಕಂಡಕ್ಟರ್ ಮಾಡಿ ಸೀಟಿಯನ್ನೇನೋ ಕೊಟ್ಟಿದೆ. ಹಿಂಬಾಗಿಲು ಕಾಣುವ ಜಾಗದಲ್ಲಿ ನಿಲ್ಲಿಸಿಲ್ಲ.

ಈ ಸೀಟಿಯ ಇತಿಹಾಸ ಹಳೆಯದೇನಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮನೆಯ ಕಂಪ್ಯೂಟರಿನಲ್ಲಿ ಮೊದಲು ಮಾಡಿದ ಖಾತೆಗೇ ಪೂರ್ತಿ ಅಧಿಕಾರ. ಕೇಳುವವರಿಲ್ಲ, ಹೇಳುವವರಿಲ್ಲ. ಪೆನ್‌ಡ್ರೈವಿನಲ್ಲಿ ಬಂದ ವೈರಸ್ಸಿಗೂ ಮನೆಯ ಯಜಮಾನನಿಗೂ ಒಂದೇ ಮರ್ಯಾದೆ. 2007ರ ಜನವರಿಯಲ್ಲಿ ಬಂದ ವಿಸ್ಟಾದೊಂದಿಗೆ ಈ ಮಬ್ಬು ಪರದೆಯ ಪ್ರಶ್ನೆ ಶುರುವಾಯಿತು. ಅದರ ಹೆಸರು ಯೂಸರ್ ಅಕೌಂಟ್ ಕಂಟ್ರೋಲ್. ಅಡ್ಮಿನ್ ಆಗಿ ಒಳಗೆ ಬಂದವನಿಗೂ ವಿಂಡೋಸ್ ಎರಡು ಚೀಟಿ ಬರೆದುಕೊಳ್ಳುತ್ತದೆ: ದಿನಬಳಕೆಗೆ ಬಡ ಚೀಟಿ, ಯೆಸ್ ಅಂದಾಗ ಮಾತ್ರ ಆ ಪ್ರೋಗ್ರಾಮಿನ ಕೈಗೆ ಸಾಹುಕಾರ ಚೀಟಿ. ಉಪಾಯ ಚೆನ್ನಾಗಿದೆ. ಪ್ರಶ್ನೆ ಕೇಳುವಾಗ ಪರದೆ ಮಬ್ಬಾಗುವುದೂ ಬರೀ ಅಲಂಕಾರಕ್ಕಲ್ಲ. ಬೇರೆ ಯಾವ ಪ್ರೋಗ್ರಾಮೂ ನಮ್ಮ ಪರವಾಗಿ ಯೆಸ್ ಒತ್ತದಂತೆ ವಿಂಡೋಸ್ ಆ ಹೊತ್ತಿಗೆ ಪ್ರತ್ಯೇಕ ಪರದೆ ಕಟ್ಟುತ್ತದೆ.

ವಿಸ್ಟಾ ಅತಿಯಾಗಿ ಕೇಳಿತು. ಜನ ರೋಸಿಹೋದರು, ಆ್ಯಪಲ್ ಕಂಪನಿ ಅದನ್ನೇ ಗೇಲಿ ಮಾಡಿ ಜಾಹೀರಾತು ಮಾಡಿತು. 2008ರಲ್ಲಿ ಮೈಕ್ರೋಸಾಫ್ಟಿನ ಅಧಿಕಾರಿಯೊಬ್ಬರು ಭದ್ರತಾ ಸಮ್ಮೇಳನವೊಂದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು: ಬಳಕೆದಾರರಿಗೆ ಕಿರಿಕಿರಿ ಮಾಡಲೆಂದೇ ಇದನ್ನು ಇಟ್ಟದ್ದು. ಕಿರಿಕಿರಿ ತಾಳಲಾರದೆ ಜನ ಪ್ರೋಗ್ರಾಮು ಬರೆಯುವವರ ಮೇಲೆ ಒತ್ತಡ ತರಲಿ, ಅವರು ಸುಮ್ಮಸುಮ್ಮನೆ ಅಡ್ಮಿನ್ ಅಧಿಕಾರ ಕೇಳುವುದನ್ನು ಬಿಡಲಿ ಎಂಬ ಲೆಕ್ಕ. ಲೆಕ್ಕ ತಕ್ಕಮಟ್ಟಿಗೆ ಫಲಿಸಿತು ಕೂಡ. 2009ರ ವಿಂಡೋಸ್ 7 ಪ್ರಶ್ನೆಗಳನ್ನು ಕಡಿಮೆ ಮಾಡಿತು. ಆದರೆ ಅಷ್ಟರಲ್ಲಿ ನಮ್ಮ ಬೆರಳಿಗೆ ಯೆಸ್ ರೂಢಿಯಾಗಿತ್ತು. ಅದೇ ಕಂಪನಿಯ ತಜ್ಞರು ಇದು ಭದ್ರವಾದ ಗಡಿಯಲ್ಲ, ಅನುಕೂಲದ ಏರ್ಪಾಡು ಎಂದು 2007ರಲ್ಲೇ ಬರೆದಿದ್ದರು. ನಮ್ಮ ಕಡೆಯ ಸರ್ವಿಸ್ ಅಂಗಡಿಗಳ ತನಕ ಆ ಮಾತು ಬಂದು ಮುಟ್ಟಲಿಲ್ಲ.

ಡಿಸ್ಕಿನ ಸಾಧನಗಳಿಗೆ ಈ ಅಪ್ಪಣೆ ಬೇಕೇ ಎಂದರೆ, ಬೇಕು. ಇದರಲ್ಲಿ ವಿಂಡೋಸಿನ ಪಕ್ಷವೇ ಸರಿ. ಫೈಲೊಂದನ್ನು ಯಾರು ಓದಬಹುದು, ಯಾರು ಅಳಿಸಬಹುದು ಎಂಬ ಕಟ್ಟಳೆಗಳೆಲ್ಲ ಡಿಸ್ಕಿನ ಮೇಲೆ ಬರೆದ ಫೈಲ್ ವ್ಯವಸ್ಥೆಯೊಳಗೇ ಇವೆ. ಡಿಸ್ಕಿನ ಸಾಧನ ಹೋಗುವುದು ಅದರ ಕೆಳಗೆ, ಬರೀ ಸೆಕ್ಟರುಗಳಿರುವ ಮಟ್ಟಕ್ಕೆ. ಅಲ್ಲಿ ಕಟ್ಟಳೆ ಇಲ್ಲ, ಅಂಕಿಗಳಷ್ಟೇ. ಮನೆಯ ಕೋಣೆಗಳಿಗೆಲ್ಲ ಬೀಗ ಹಾಕಿ, ಬುನಾದಿಯ ಕೆಳಗೆ ಓಡಾಡಲು ಯಾರನ್ನಾದರೂ ಬಿಟ್ಟರೆ ಬೀಗಕ್ಕೇನು ಅರ್ಥ? ಅದಕ್ಕೇ ಡಿಸ್ಕಿನ ದೋಷ ಹುಡುಕುವ ಚೆಕ್‌ಡಿಸ್ಕ್, ಡಿಸ್ಕ್‌ಪಾರ್ಟ್, ಪೆನ್‌ಡ್ರೈವಿಗೆ ಬೂಟ್ ಬರೆಯುವ ರೂಫಸ್, ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ, ಎಲ್ಲವೂ ಅಡ್ಮಿನ್ ಅಧಿಕಾರ ಕೇಳುತ್ತವೆ. ಕೇಳದೆ ಒಳಗೆ ಹೋಗುವ ಡಿಸ್ಕ್ ಸಾಧನ ಸಿಕ್ಕರೆ ಹೆದರಬೇಕಾದದ್ದು ಆಗ.

ನನ್ನ ತಕರಾರು ಅಪ್ಪಣೆ ಕೇಳುವ ರೀತಿಯ ಬಗ್ಗೆ. ನೋಡುವುದಕ್ಕೂ ಅಳಿಸುವುದಕ್ಕೂ ಇಲ್ಲಿ ಒಂದೇ ಅಪ್ಪಣೆ. ಡಿಸ್ಕು ಎಷ್ಟು ಬಿಸಿಯಾಗಿದೆ, ಎಷ್ಟು ಗಂಟೆ ಓಡಿದೆ ಎಂದು ತಿಳಿಯಬೇಕಾದರೂ ಸಾಹುಕಾರ ಚೀಟಿ ಕೊಡಬೇಕು. ಅದೇ ಚೀಟಿ ಹಿಡಿದು ಡಿಸ್ಕನ್ನು ಪೂರ್ತಿ ಒರೆಸಲೂಬಹುದು. ಚೆಕ್‌ಡಿಸ್ಕನ್ನು ಯಾವ ಅಕ್ಷರವನ್ನೂ ಸೇರಿಸದೆ ಓಡಿಸಿದರೆ ಅದು ಬರೀ ಓದಿ ವರದಿ ಕೊಡುತ್ತದೆ, ಏನನ್ನೂ ಮುಟ್ಟುವುದಿಲ್ಲ. ಆದರೂ ಸಾದಾ ಕಿಟಕಿಯಲ್ಲಿ ಅದು 'ಆ್ಯಕ್ಸೆಸ್ ಡಿನೈಡ್' ಎಂದು ವಾಪಸ್ ಕಳಿಸುತ್ತದೆ. ನಾಡಿ ನೋಡುವುದಕ್ಕೂ ಹೊಟ್ಟೆ ಕೊಯ್ಯುವುದಕ್ಕೂ ಒಂದೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಆಸ್ಪತ್ರೆಯಿದ್ದರೆ ಜನ ಓದದೇ ಸಹಿ ಹಾಕುವುದನ್ನು ಕಲಿಯುತ್ತಾರೆ. ಇಲ್ಲೂ ಅದೇ ಆಯಿತು. ನಿರಪಾಯದ ಕೆಲಸಕ್ಕೆ ಹತ್ತು ಸಲ ಒತ್ತಿದ ಬೆರಳು ಹನ್ನೊಂದನೆಯ ಸಲ ಯೋಚಿಸೀತೇ?

ಇನ್ನು ಆ ಪ್ರಶ್ನೆಯ ಒಕ್ಕಣೆ. ಪ್ರೋಗ್ರಾಮಿನ ಹೆಸರು ಹೇಳುತ್ತದೆ, ಮಾಡಿದವರ ಹೆಸರು ಹೇಳುತ್ತದೆ. ಮಾಡಿದವರು ಗೊತ್ತಿದ್ದರೆ ನೀಲಿ ಪಟ್ಟಿ, ಗೊತ್ತಿಲ್ಲದಿದ್ದರೆ ಹಳದಿ. ಯಾವ ಡಿಸ್ಕು, ಏನು ಮಾಡಲಿಕ್ಕೆ ಎಂಬ ಮಾತೇ ಇಲ್ಲ. ಇರಲೂ ಸಾಧ್ಯವಿಲ್ಲ ಎನ್ನಿ, ಆ ಹೊತ್ತಿಗೆ ನಾವಿನ್ನೂ ಏನೂ ಬರೆದಿರುವುದಿಲ್ಲ. ಡಿಸ್ಕ್‌ಪಾರ್ಟ್ ಮೈಕ್ರೋಸಾಫ್ಟಿನ ಸ್ವಂತ ಸರಕು, ಅದಕ್ಕೆ ನೀಲಿ ಪಟ್ಟಿಯೇ ಬಂತು. ಅಂದರೆ ಪ್ರಶ್ನೆ ಬರುವುದು ನಾವಿನ್ನೂ ಏನೂ ಮಾಡದಿರುವಾಗ. ನಿಜವಾದ ಗಂಡಾಂತರದ ಕ್ಷಣ ಎಂಟರ್ ಒತ್ತುವ ಕ್ಷಣ, ಆಗ ಯಾರೂ ಕೇಳುವುದಿಲ್ಲ. 'ಕ್ಲೀನ್' ಎಂಬ ಆಜ್ಞೆಗೆ "ಖಂಡಿತವೇ?" ಎಂಬ ಒಂದು ಮರುಪ್ರಶ್ನೆಯೂ ಇಲ್ಲ. ರಸ್ತೆಬದಿಯ ಬಂಡಿಯಲ್ಲಿ ಮಿರ್ಚಿ ಕೇಳಿದರೂ "ಎಷ್ಟು ಪ್ಲೇಟು?" ಎಂದು ಕೇಳುತ್ತಾರೆ.

ಆ ಪಟ್ಟಿಯನ್ನಾದರೂ ನೋಡಿ. 'ಲಿಸ್ಟ್ ಡಿಸ್ಕ್' ತೋರಿಸುವುದು ಸಂಖ್ಯೆ, ಸ್ಥಿತಿ, ಅಳತೆ, ಖಾಲಿ ಜಾಗ. ಡಿಸ್ಕಿನ ಕಂಪನಿ ಹೆಸರಿಲ್ಲ, ಒಳಗಿದೆಯೋ ಹೊರಗೆ ತಂತಿಯಲ್ಲಿ ನೇತಾಡುತ್ತಿದೆಯೋ ಎಂಬುದಿಲ್ಲ, ನಾವು ಇಟ್ಟ 'ನಾಟಕ' ಎಂಬ ಹೆಸರೂ ಇಲ್ಲ. ಅಂಗಡಿಯಲ್ಲಿ 1 ಟಿಬಿ ಎಂದು ಮಾರುವ ಯಾವ ಡಿಸ್ಕಾದರೂ ಇಲ್ಲಿ 931 ಜಿಬಿಯೇ, ಅವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ನಮ್ಮ ಹುಡುಗನ ಮುಂದೆ ಇದ್ದದ್ದು ಎರಡು 931. ಡಿಸ್ಕನ್ನು ಆರಿಸಿದ ಮೇಲೆ 'ಡಿಟೇಲ್ ಡಿಸ್ಕ್' ಎಂದು ಕೇಳಿದರೆ ಮಾಡೆಲ್ ಹೆಸರು, ಯಾವ ದಾರಿಯಿಂದ ಜೋಡಿಸಿದೆ, ಒಳಗೆ ಯಾವ ವಾಲ್ಯೂಮುಗಳಿವೆ ಎಲ್ಲ ಬರುತ್ತದೆ. ಕೇಳಬೇಕೆಂದು ಗೊತ್ತಿದ್ದವರಿಗೆ ಮಾತ್ರ.

ನನ್ನ ನಿಜವಾದ ಸಿಟ್ಟು ಬೇರೆಯದಕ್ಕೆ. ಹುಡುಗ ಆವತ್ತು 1ರ ಬದಲು 0 ಒತ್ತಿದ್ದರೆ ಏನಾಗುತ್ತಿತ್ತು ಗೊತ್ತೇ? ಏನೂ ಆಗುತ್ತಿರಲಿಲ್ಲ. ಈಗ ಓಡುತ್ತಿರುವ ವಿಂಡೋಸ್ ಇರುವ ಡಿಸ್ಕನ್ನು ಒರೆಸಲು ಹೋದರೆ ಡಿಸ್ಕ್‌ಪಾರ್ಟ್ ಅದಕ್ಕೆ ಅವಕಾಶವಿಲ್ಲ ಎಂದು ಖಡಾಖಂಡಿತ ನಿರಾಕರಿಸುತ್ತದೆ. ತನ್ನ ಮನೆ ಯಾವುದೆಂದು ಅದಕ್ಕೆ ಚೆನ್ನಾಗಿ ಗೊತ್ತು. ನಮ್ಮ ಮನೆ ಯಾವುದು ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ. ವಿಂಡೋಸ್ ಹಾಳಾದರೆ ಒಂದು ಮಧ್ಯಾಹ್ನದಲ್ಲಿ ಮತ್ತೆ ಹಾಕಬಹುದು. ತೀರಿಕೊಂಡ ಗಾಯಕಿಯ ಕಂದಪದ್ಯವನ್ನು ಎಲ್ಲಿಂದ ಹಾಕುತ್ತೀರಿ?

ಇದು ಒಂದು ಸಾಧನದ ಅಚಾತುರ್ಯ ಅಲ್ಲ, ಅಡ್ಮಿನ್ ಅಧಿಕಾರ ಎಂಬ ಇಡೀ ಕಲ್ಪನೆಯ ಒಳಗೇ ಇರುವ ವಕ್ರ. ವಿಶ್ವವಿದ್ಯಾಲಯದ ಒಂದು ದೊಡ್ಡ ಯಂತ್ರವನ್ನು ಹತ್ತಾರು ಜನ ಹಂಚಿಕೊಂಡು ಬಳಸುತ್ತಿದ್ದ ಕಾಲದಲ್ಲಿ ಹುಟ್ಟಿದ ಏರ್ಪಾಡು ಇದು. 1980ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಬರೆದ 'ಸುಡೋ' ಇವತ್ತಿಗೂ ಲಿನಕ್ಸಿನಲ್ಲಿ ಅದೇ ಕೆಲಸ ಮಾಡುತ್ತಿದೆ. ಅಲ್ಲಿ ಒಬ್ಬರ ತಪ್ಪು ಇನ್ನೊಬ್ಬರ ಕೆಲಸ ಕೆಡಿಸಬಾರದು, ಯಂತ್ರ ನಿಲ್ಲಬಾರದು. ಸರಿಯಾದ ಕಾಳಜಿಯೇ. ಮನೆಯ ಕಂಪ್ಯೂಟರಿನಲ್ಲಿ ಯಂತ್ರಕ್ಕಿಂತ ಒಳಗಿನ ಸರಕು ದೊಡ್ಡದು, ಆದರೆ ಅದನ್ನು ಅಳಿಸಲು ಅಡ್ಮಿನ್ ಅಪ್ಪಣೆಯೇ ಬೇಡ. ಕಳ್ಳರು ಇದನ್ನು ಬೇಗ ಅರ್ಥ ಮಾಡಿಕೊಂಡರು. 2016ರ ಮಾರ್ಚಿನಲ್ಲಿ ಬಂದ ಪೆಟ್ಯಾ ಎಂಬ ಸುಲಿಗೆ ತಂತ್ರಾಂಶ ಡಿಸ್ಕಿನ ಬೂಟ್ ಜಾಗಕ್ಕೇ ಕೈ ಹಾಕುತ್ತಿತ್ತು. ಅದಕ್ಕೆ ಅಡ್ಮಿನ್ ಅಧಿಕಾರ ಬೇಕಿತ್ತು, ನೋ ಎಂದವರು ಬಚಾವಾದರು. ಎರಡೇ ತಿಂಗಳಿಗೆ ಜೊತೆಗೊಬ್ಬ ತಮ್ಮನನ್ನು ಕರೆತಂದರು, ಹೆಸರು ಮಿಶಾ. ಯೆಸ್ ಸಿಕ್ಕರೆ ಪೆಟ್ಯಾ ಡಿಸ್ಕಿಗೆ ಬೀಗ ಹಾಕುತ್ತಾನೆ, ನೋ ಎಂದರೆ ಮಿಶಾ ಬಂದು ಸಾದಾ ಬಳಕೆದಾರನ ಅಧಿಕಾರದಲ್ಲೇ ಫೋಟೋ, ಕಾಗದಪತ್ರಗಳಿಗೆ ಬೀಗ ಹಾಕುತ್ತಾನೆ.

ಮನೆಗಳಲ್ಲಿ ನಾವು ಇಟ್ಟುಕೊಂಡ ಪದ್ಧತಿಯೂ ಇದಕ್ಕೆ ತಕ್ಕ ಹಾಗೇ ಇದೆ. ಹೊಸ ಕಂಪ್ಯೂಟರ್ ಕೊಂಡರೆ ಅಂಗಡಿಯ ಹುಡುಗ ಒಂದೇ ಖಾತೆ ಮಾಡಿಕೊಡುತ್ತಾನೆ. ಅದು ಅಡ್ಮಿನ್ ಖಾತೆ, ಪಾಸ್‌ವರ್ಡ್ ಇರುವುದಿಲ್ಲ, ಇದ್ದರೂ ಅದು 1234. ಅಜ್ಜ ಪಂಚಾಂಗ ನೋಡುವುದೂ ಮೊಮ್ಮಗ ಗೇಮ್ ಆಡುವುದೂ ಅದರಲ್ಲೇ. ಏನು ತೊಂದರೆ ಹೇಳಿ, ಮದ್ದು ಒಂದೇ: "ರೈಟ್ ಕ್ಲಿಕ್ ಮಾಡಿ ರನ್ ಆಸ್ ಅಡ್ಮಿನ್ ಕೊಡ್ರಿ ಸರ, ಆಗ್ತೈತಿ." ಪ್ರಿಂಟರ್ ಓಡದಿದ್ದರೂ ಅದೇ, ನುಡಿ ತಂತ್ರಾಂಶ ತೆರೆಯದಿದ್ದರೂ ಅದೇ. ಯಾಕೆ ಬೇಕು ಎಂದು ಕೇಳಿದರೆ ಉತ್ತರವಿಲ್ಲ. ಹೊಸಪೇಟೆಯ ಅಂಗಡಿಯೊಂದರಲ್ಲಿ ನನ್ನ ಕಣ್ಣೆದುರೇ ಒಬ್ಬ ಆ ಮಬ್ಬು ಪರದೆಯ ಪ್ರಶ್ನೆಯನ್ನೇ ಬರದಂತೆ ಆರಿಸಿಟ್ಟು, "ಇನ್ನ ಮ್ಯಾಲೆ ಕಿರಿಕಿರಿ ಇಲ್ಲ ತಗೊಳ್ರಿ" ಎಂದು ನಗುತ್ತ ಕೊಟ್ಟ. ಕಿರಿಕಿರಿಗೆಂದೇ ಇಟ್ಟದ್ದನ್ನು ಹೀಗೆ ತೆಗೆದ.

ಡಿಸ್ಕಿನ ಸಾಧನಗಳ ಪೈಕಿ ಚೆಕ್‌ಡಿಸ್ಕ್ ಬಗ್ಗೆ ಒಂದೆರಡು ಒಳ್ಳೆಯ ಮಾತು ಹೇಳಲೇಬೇಕು. ಸಿ ಡ್ರೈವನ್ನು ರಿಪೇರಿ ಮಾಡೆಂದರೆ ಅದು ಅಡ್ಮಿನ್ ಅಪ್ಪಣೆ ಸಿಕ್ಕ ಮೇಲೂ ಹಾಗೇ ನುಗ್ಗುವುದಿಲ್ಲ. ಡ್ರೈವು ಬಳಕೆಯಲ್ಲಿದೆ, ಮುಂದಿನ ಸಲ ಕಂಪ್ಯೂಟರ್ ಶುರುವಾಗುವಾಗ ಮಾಡಲೇ ಎಂದು ಕೇಳುತ್ತದೆ. ಹಿನ್ನೀರಿನ ದಂಡೆಯ ಊರಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ ಇಡೀ ಸೀಮೆ ಮಾತಾಡಿದ್ದು ಇದನ್ನೇ: ನೀರು ಇಳಿಯದೆ ಗೇಟು ಕೂಡಿಸುವುದು ಹೇಗೆ? ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ವಾರದಲ್ಲಿ ಗೆದ್ದಿತು, ಅದು ಬೇರೆ ಮಾತು. ಡಿಸ್ಕಿನಲ್ಲಿ ಬರೆಯುವ ಹರಿವು ನಡೆದಿರುವಾಗಲೇ ಪಟ್ಟಿ ತಿದ್ದಿದರೆ ಎರಡೂ ಕೆಡುತ್ತವೆ. 2012ರ ವಿಂಡೋಸ್ 8ರಿಂದ ಚೆಕ್‌ಡಿಸ್ಕ್ ಕೂಡ ಒಂದು ಜಾಣತನ ಕಲಿತಿದೆ. ಹರಿವು ನಿಲ್ಲಿಸದೇ ಹುಡುಕಿ ಗುರುತು ಮಾಡಿಟ್ಟುಕೊಂಡು, ಆಮೇಲೆ ಆ ಗುರುತುಗಳನ್ನಷ್ಟೇ ಚುಟುಕಾಗಿ ಸರಿ ಮಾಡುತ್ತದೆ. ಆದರೆ ಇದು ಸರಿಪಡಿಸುವುದು ಡಿಸ್ಕಿನ ಲೆಕ್ಕಪತ್ರವನ್ನು, ನಮ್ಮ ಫೈಲನ್ನಲ್ಲ. ಯಾರದೆಂದು ಗೊತ್ತಾಗದ ತುಣುಕುಗಳನ್ನು ಫೌಂಡ್ 000 ಎಂಬ ಮರೆಯ ಫೋಲ್ಡರಿನಲ್ಲಿ ಹೆಸರಿಲ್ಲದೆ ಗುಡ್ಡೆ ಹಾಕಿ, ಕೆಲಸ ಮುಗಿಯಿತು ಎನ್ನುತ್ತದೆ. ಸಾಯುತ್ತಿರುವ ಡಿಸ್ಕಿನ ಮೇಲೆ ಗಂಟೆಗಟ್ಟಲೆ ಕೆಟ್ಟ ಸೆಕ್ಟರ್ ಹುಡುಕಲು ಬಿಟ್ಟರೆ ಇದ್ದ ಜೀವವೂ ಹೋದೀತು. ಮೊದಲು ನಕಲು, ಆಮೇಲೆ ರಿಪೇರಿ.

ಬೇರೆ ಕಡೆ ಹೀಗೇ ಇದೆಯೇ ಎಂದರೆ, ಲಿನಕ್ಸಿನ ಕಪ್ಪು ಕಿಟಕಿ ಇದಕ್ಕಿಂತ ನಿರ್ದಯಿ. ಅಲ್ಲಿನ 'ಡಿಡಿ' ಎಂಬ ಆಜ್ಞೆಗೆ 'ಡಿಸ್ಕ್ ಡೆಸ್ಟ್ರಾಯರ್' ಎಂಬ ಅಡ್ಡಹೆಸರೇ ಬಿದ್ದಿದೆ. ಆದರೆ ಅದೇ ಲಿನಕ್ಸಿನ 'ಡಿಸ್ಕ್ಸ್' ಎಂಬ ಚಿತ್ರದ ಸಾಧನ ಡಿಸ್ಕಿನ ಮಾಡೆಲ್, ಕ್ರಮಸಂಖ್ಯೆ, ಭಾಗಗಳ ಪಟ್ಟಿ ಎಲ್ಲ ಕಣ್ಣಮುಂದೆ ಇಟ್ಟು, ಅಳಿಸುವ ಹೊತ್ತಿಗೆ ಇಂಥ ಡಿಸ್ಕನ್ನೇ ಅಳಿಸಲೇ ಎಂದು ಕೇಳುತ್ತದೆ. ಮೈಕ್ರೋಸಾಫ್ಟ್ 2024ರಲ್ಲಿ ವಿಂಡೋಸ್ 11ಕ್ಕೆ ಹೊಸ ಏರ್ಪಾಡೊಂದನ್ನು ಘೋಷಿಸಿದೆ. ಬರೀ ಯೆಸ್ ಸಾಲದು, ಪಿನ್ನೋ ಬೆರಳಚ್ಚೋ ಮುಖವೋ ಕೊಡಬೇಕು. ಸೀಟಿ ಊದಿದವನು ಕಂಡಕ್ಟರನೇ ಎಂದು ಖಾತ್ರಿಯಾಗುತ್ತದೆ, ಒಳ್ಳೆಯದು. ನಮ್ಮ ಹುಡುಗ ಬೆರಳಚ್ಚು ಕೊಟ್ಟೇ ಅಳಿಸುತ್ತಿದ್ದ.

ನಾಟಕಗಳು ಸಿಕ್ಕವು. 'ಕ್ಲೀನ್' ಒರೆಸುವುದು ಡಿಸ್ಕಿನ ಭಾಗಗಳ ಪಟ್ಟಿಯನ್ನು, ಒಳಗಿನ ಸರಕು ಅಲ್ಲೇ ಇರುತ್ತದೆ. ಅದರ ಜೊತೆ 'ಆಲ್' ಎಂದು ಸೇರಿಸಿದ್ದರೆ ಮೂಲೆಮೂಲೆಗೂ ಸೊನ್ನೆ ಬರೆದು ಕಥೆ ಮುಗಿಸುತ್ತಿತ್ತು. ಡಿಸ್ಕನ್ನು ಇನಿಶಿಯಲೈಸ್ ಮಾಡಬೇಕೇ ಎಂದು ವಿಂಡೋಸ್ ಕೇಳಿದ್ದಕ್ಕೆಲ್ಲ ಬೇಡ ಎಂದು, ಟೆಸ್ಟ್‌ಡಿಸ್ಕ್ ಎಂಬ ಪುಕ್ಕಟೆ ಸಾಧನ ತಂದೆವು. ಅದೂ ಅಡ್ಮಿನ್ ಅಪ್ಪಣೆ ಕೇಳಿತು, ಅದೇ ಮಬ್ಬು ಪರದೆ, ಅದೇ ಯೆಸ್. ಆದರೆ ಒಳಗೆ ಹೋದ ಮೇಲಿನ ನಡವಳಿಕೆ ನೋಡಿ. ಡಿಸ್ಕುಗಳನ್ನು ಮಾಡೆಲ್ ಹೆಸರಿನೊಂದಿಗೆ ತೋರಿಸಿತು. ಕಳೆದ ಭಾಗವನ್ನು ಹುಡುಕಿ, ಪಿ ಒತ್ತಿದರೆ ಒಳಗಿನ ಫೈಲುಗಳ ಹೆಸರನ್ನೂ ತೋರಿಸಿತು, ನಾಟಕದ ಹೆಸರುಗಳು ಒಂದೊಂದಾಗಿ ಬಂದವು, ಹುಡುಗ ಕುರ್ಚಿಯಿಂದೆದ್ದು ಒಂದು ಸುತ್ತು ತಿರುಗಿ ಬಂದ. ಬರೆಯುವ ಮುಂಚೆ ಮತ್ತೊಮ್ಮೆ, ಖಂಡಿತವೇ ಎಂದು ಕೇಳಿತು. ಹಣ ಕೇಳದ ಆ ಸಾಧನಕ್ಕೆ ಹಿಂಬಾಗಿಲು ಕಾಣುತ್ತಿತ್ತು.

ಈಗ ನಮ್ಮ ಮನೆಯಲ್ಲಿ ಎಲ್ಲರದೂ ಸಾದಾ ಖಾತೆ. ಅಡ್ಮಿನ್ ಖಾತೆ ಬೇರೆ, ಅದರ ಪಾಸ್‌ವರ್ಡ್ ನನ್ನ ಹತ್ತಿರ ಮತ್ತು ಹುಡುಗನ ಹತ್ತಿರ. ಡಿಸ್ಕಿನ ಕೆಲಸವಿದ್ದ ದಿನ ಮೊದಲು ನಾಟಕಗಳ ಡಿಸ್ಕಿನ ತಂತಿ ಕಿತ್ತು, ಆಮೇಲೆ ಕಪ್ಪು ಕಿಟಕಿ ತೆರೆಯುತ್ತೇವೆ. ಹಳೆ ಲ್ಯಾಪ್‌ಟಾಪಿನ ಡಿಸ್ಕು ಕೊನೆಗೂ ಖಾಲಿಯಾಗಿ ನಾಟಕಗಳ ಎರಡನೇ ಪ್ರತಿ ಅದರಲ್ಲಿ ಕೂತಿತು. ಡಬ್ಬಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ನಾಟಕ' ಎಂದು ದೊಡ್ಡದಾಗಿ ಬರೆದು ಬೀರುವಿನಲ್ಲಿ ಇಟ್ಟಿದ್ದೇವೆ.